ಶಹಾಬಾದ್ ಕಲ್ಲು ಮತ್ತು ಹಾರೆಯ ಲೆಕ್ಕ

ಕಲಬುರಗಿ ಸೀಮೆಯಲ್ಲಿ ಬೆಳೆದವರಿಗೆ ಶಹಾಬಾದ್ ಪರ್ಸಿಯ ಪರಿಚಯ ಮಾಡಿಕೊಡಬೇಕಿಲ್ಲ. ಬೇಸಿಗೆಯ ಮಧ್ಯಾಹ್ನ ನಾವು ಮಲಗುತ್ತಿದ್ದದ್ದು ಅದರ ಮೇಲೆಯೇ. ಆದರೆ ಆ ಕಲ್ಲು ನೆಲದಿಂದ ಎದ್ದು ಬಂದದ್ದು ಹೇಗೆಂದು ಯೋಚಿಸಿದ್ದು, ಒಂದು ಖಣಿಯ ದಂಡೆಯಲ್ಲಿ ನಿಂತು ನೋಡಿದಾಗ. ಶಾಲೆಯಲ್ಲಿ ಸನ್ನೆಗೋಲಿನ ಪಾಠಕ್ಕೆ ಆರ್ಕಿಮಿಡೀಸ್ ಬೇಕಾಗಿದ್ದ. ಇಲ್ಲಿ ಒಂದು ಹಾರೆ ಸಾಕಾಯಿತು.

ಈ ಕೆಲಸ ಹಳೆಯದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಹೊದಿಸಿದ ದೊಡ್ಡ ಚಪ್ಪಡಿಗಳು ಸುಣ್ಣಕಲ್ಲಿನವು. ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕಿದ್ದು ಅಲ್ಲೇ. ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಗೂ ಸುತ್ತಲಿನ ಕಲ್ಲೇ ಆಧಾರ. ಚಿಂಚೋಳಿಯ ಕಡೆ ಹೋದಂತೆ ಮಾತ್ರ ಈ ಪದರಗಲ್ಲಿನ ಮೇಲೆ ಜ್ವಾಲಾಮುಖಿಯ ಕಪ್ಪು ಕಲ್ಲು ಹೊದ್ದುಕೊಂಡಿದೆ. ಅದು ಒಡೆಯುತ್ತದೆ, ಹಾಳೆಯಂತೆ ಬಿಚ್ಚಿಕೊಳ್ಳುವುದಿಲ್ಲ.

ಶಹಾಬಾದ್ ಕಲ್ಲು ಬಿಚ್ಚಿಕೊಳ್ಳುತ್ತದೆ, ಅದೇ ಅದರ ಗುಣ. ಪದರದ ಸಂದಿಗೆ ಚಾಣ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಚಾಣದ ತುದಿ ಎಂದರೆ ಬೆಣೆ. ಪೆಟ್ಟು ಬೀಳುವುದು ನೇರವಾಗಿ, ಅದರ ಎರಡು ಓರೆ ಮುಖಗಳು ಕಲ್ಲನ್ನು ದೂಡುವುದು ಅತ್ತಿತ್ತ. ಸಂದಿ ಬಾಯಿಬಿಟ್ಟ ಮೇಲೆ ಹಾರೆಯ ಸರದಿ. ಆರಡಿ ಉದ್ದ, ನಾಲ್ಕಡಿ ಅಗಲ, ಎರಡಿಂಚು ದಪ್ಪದ ಚಪ್ಪಡಿ ಸುಮಾರು 300 ಕೆ.ಜಿ. ತೂಗುತ್ತದೆ. ಒಂದು ಅಂಚನ್ನು ಮಾತ್ರ ಎತ್ತುವುದಾದರೆ ಅರ್ಧ ಭಾರ, 150 ಕೆ.ಜಿ. ಐದಡಿ ಹಾರೆಯ ತುದಿಯಿಂದ ನಾಲ್ಕು ಇಂಚಿಗೆ ಒಂದು ಗುಂಡುಗಲ್ಲು ಆನಿಸಿದರೆ, ಆಚೆ 4 ಇಂಚು, ಕೈಯ ಕಡೆ 56. ಹದಿನಾಲ್ಕು ಪಟ್ಟು! 11 ಕೆ.ಜಿ.ಯಷ್ಟು ಒತ್ತಿದರೂ ಅಂಚು ಏಳುತ್ತದೆ. ಪುಕ್ಕಟೆ ಏನಲ್ಲ: ಕಲ್ಲು ಒಂದಿಂಚು ಏಳಲು ಕೈ ಹದಿನಾಲ್ಕು ಇಂಚು ಇಳಿಯಬೇಕು. ಆನಿಕೆಗಲ್ಲು ಜಾರಿದರೆ ಬೆರಳಿಗೆ ಬೆಲೆ.

1871ರಲ್ಲಿ ಮುಂಬೈ ಕಡೆಯ ರೈಲುದಾರಿ ರಾಯಚೂರಿನ ತನಕ ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಭಾರದ ಕಲ್ಲಿಗೆ ಗಾಲಿ ಸಿಕ್ಕಿತು, ಊರಿನ ಹೆಸರು ದೂರದ ಊರುಗಳ ಅಂಗಳಕ್ಕೆ ಹೋಯಿತು. ಆಮೇಲೆ ಸಿಮೆಂಟ್ ಕಾರ್ಖಾನೆಗಳು ಬಂದವು; ನಮ್ಮ ಭಾಗದ ಚರಿತ್ರೆ ಬರೆಯುವವರು ಹೆಚ್ಚಾಗಿ ಅಲ್ಲಿಂದಲೇ ಶುರುಮಾಡುತ್ತಾರೆ. ನಮಗೆ ಇದು ಒಪ್ಪಿಗೆಯಿಲ್ಲ.

ಖಣಿಯಿಂದ ಲಾರಿಯ ತನಕದ ದಾರಿಯಲ್ಲಿ ಸರಳ ಯಂತ್ರಗಳು ಕೈಕೊಡುವುದನ್ನೂ ನೋಡಿದೆವು. ಇಳಿಜಾರು ಶ್ರಮ ಕಡಿಮೆ ಮಾಡುತ್ತದೆಂದು ಪಾಠ ಹೇಳುತ್ತದೆ. ಉರುಳಿಸುವ, ಎಳೆಯುವ ವಸ್ತುವಿಗೆ ಅದು ನಿಜ. ಹೊತ್ತವರಿಗೆ ಹತ್ತುವುದು ಸಲೀಸಾಗಬಹುದು, ಆದರೆ ಕತ್ತಿನ ಮೇಲಿನ ಭಾರ ಇಳಿಯುವುದಿಲ್ಲ. ಎರಡಡಿ ಚೌಕದ, ಒಂದಿಂಚು ದಪ್ಪದ ಪರ್ಸಿ ಸುಮಾರು 25 ಕೆ.ಜಿ. ಹಲಗೆಯ ಬುಡದಲ್ಲೂ 25, ಮೇಲೆ ಲಾರಿಯ ಅಂಚಿನಲ್ಲೂ 25. ಈಗ ಕಟಿಂಗ್ ಮಷಿನ್ ಬಂದು ಚಾಣ ಹಿಡಿದ ತೋಳಿಗೆ ಬಿಡುವು ಸಿಕ್ಕಿದೆ, ಒಣ ಕಲ್ಲು ಕೊಯ್ದಾಗ ಏಳುವ ಧೂಳು ಎದೆಗೆ ಇಳಿಯುತ್ತದೆ. ಹೊರುವ ಕೆಲಸ ಮಾತ್ರ ನಾವು ನಿಂತು ನೋಡಿದಲ್ಲಿ ಹಾಗೆಯೇ ಇತ್ತು: ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಲ್ಲು.