ಮರಣವಾಚಕಗಳ ವಿಚಾರ

ಮರಣವನ್ನು ಅದರ ನೇರವಾದ ಹೆಸರಿನಿಂದ ಕರೆಯಲು ಯಾವ ಜನರೂ ಸುಲಭವಾಗಿ ಒಡಂಬಡುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ಮನೆಗಳಲ್ಲಿ ಹಿರಿಯರ ವಿಷಯವಾಗಿ 'ಸತ್ತರು' ಎನ್ನುವುದು ಒರಟುಮಾತು. 'ತೀರಿಕೊಂಡರು' ಎಂದೋ 'ಕಾಲವಾದರು' ಎಂದೋ ಹೇಳುವರು. ವೀರಶೈವರು 'ಲಿಂಗೈಕ್ಯರಾದರು' ಎನ್ನುವರು. ಇವು ಬರಿಯ ಸೌಜನ್ಯದ ಮಾತುಗಳೋ, ಅಥವಾ ಅಗಲಿದವರ ಗತಿಯನ್ನು ಕುರಿತ ನಂಬಿಕೆಯೊಂದು ಇವುಗಳಲ್ಲಿ ಅಡಗಿರುವುದೋ? ಇದೇ ಪ್ರಶ್ನೆಯು ಕ್ರೈಸ್ತ ವೇದದ ಒಂದು ಗ್ರೀಕ್ ಪದದ ಸುತ್ತ ಶತಮಾನಗಳ ಕಾಲ ಚರ್ಚೆಗೆ ಗುರಿಯಾಗಿದೆ.

ಆ ಪದವು 'ಕೊಯ್ಮಾವೊಮಾಯ್'. ಮಲಗು, ನಿದ್ರಿಸು ಎಂಬುದು ಇದರ ಅರ್ಥ. ಹೊಸ ಒಡಂಬಡಿಕೆಯಲ್ಲಿ ಇದು 18 ಸಲ ಬಂದಿದೆ. ನಾಲ್ಕು ಕಡೆ ಸಾಮಾನ್ಯವಾದ ನಿದ್ರೆ. ಉಳಿದ 14 ಕಡೆ ಮರಣ. ಕಲ್ಲೆಸೆತಕ್ಕೆ ಗುರಿಯಾದ ಸ್ತೆಫನನ ಮರಣವನ್ನೂ ಈ ಶಾಂತವಾದ ಮಾತಿನಿಂದಲೇ ಹೇಳಿದೆ. 'ನಿದ್ರಾಸ್ಥಾನ' ಎಂಬರ್ಥದ 'ಕೊಯ್ಮೆತೇರಿಯೊನ್' ಶಬ್ದವೇ ಇಂಗ್ಲಿಷಿನಲ್ಲಿ ಶ್ಮಶಾನವಾಚಕವಾದ 'ಸೆಮೆಟರಿ' ಆಯಿತು.

ಈ ಪದವನ್ನು ಆಧಾರಮಾಡಿಕೊಂಡು, ಪುನರುತ್ಥಾನದವರೆಗೆ ಆತ್ಮವು ಅರಿವಿಲ್ಲದೆ ನಿದ್ರಿಸುವುದೆಂದು ಕೆಲವರು ವಾದಿಸಿದರು. 1542ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಕಾಲ್ವಿನನು ಆ ಮತವನ್ನು ಖಂಡಿಸಿದನು. ಆದರೆ ಮರಣವನ್ನು ನಿದ್ರೆಯೆನ್ನುವುದು ಕ್ರೈಸ್ತರ ಸೃಷ್ಟಿಯಲ್ಲ. ಅವರಿಗಿಂತ ಎಷ್ಟೋ ಶತಮಾನ ಹಿಂದಿನ ಹೋಮರನ 'ಇಲಿಯಡ್'ನಲ್ಲಿ ಯುದ್ಧದಲ್ಲಿ ಬಿದ್ದ ವೀರನಿಗೂ ಇದೇ ಕ್ರಿಯಾಪದವುಂಟು. ಆದಕಾರಣ ಪದವೊಂದರಿಂದಲೇ ಸಿದ್ಧಾಂತವು ಹೊರಡದು. ಅದನ್ನು ಬಳಸಿದ ಸಂದರ್ಭವನ್ನು ನೋಡಬೇಕು. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ 4ನೆಯ ಅಧ್ಯಾಯದಲ್ಲಿ ಯೇಸುವಿನ ವಿಷಯಕ್ಕೆ 'ಸತ್ತನು' ಎಂಬ ನೇರವಾದ ಕ್ರಿಯಾಪದವನ್ನೂ, ವಿಶ್ವಾಸಿಗಳ ವಿಷಯಕ್ಕೆ 'ನಿದ್ರಿಸಿದರು' ಎಂಬುದನ್ನೂ ಇಟ್ಟಿದ್ದಾನೆ. ನಿದ್ರಿಸಿದವರು ಏಳುವರೆಂಬ ಭರವಸೆಯನ್ನು ದುಃಖಿತರಿಗೆ ಕೊಡುವುದೇ ಆ ಪತ್ರಭಾಗದ ಉದ್ದೇಶ.

ಭಾಷಾಂತರಕಾರನಿಗೆ ಇಲ್ಲಿ ಕಷ್ಟವೊಂದುಂಟು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರು ಬೈಬಲನ್ನು ಕನ್ನಡಕ್ಕೆ ತಂದರು. 'ಸ್ವರ್ಗಸ್ಥರಾದರು' ಎಂಬ ರೂಢಿಯ ಮಾತು ಇಂಥ ಕೆಲಸಕ್ಕೆ ಸಿದ್ಧವಾಗಿಯೇ ಇರುತ್ತದೆ. ಆದರೆ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಲಾಜರನು ನಿದ್ರಿಸುತ್ತಿದ್ದಾನೆಂದು ಯೇಸು ಹೇಳಲು, ಶಿಷ್ಯರು ಅದನ್ನು ಸಾಧಾರಣ ನಿದ್ರೆಯೆಂದೇ ತಿಳಿಯುವರು. ಆಮೇಲೆ ಅವನು ಸತ್ತನೆಂದು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಅಲ್ಲಿ ರೂಢಿಯ ಮಾತನ್ನಿಟ್ಟರೆ ಕಥೆಯೇ ಕೆಡುವುದು. ಕನ್ನಡ ಬೈಬಲಿನಲ್ಲಿ 'ನಿದ್ರೆ'ಯೇ ಉಳಿದುಬಂದಿರುವುದು ಉಚಿತವಾಗಿದೆ.

ಹೊಸ ಒಡಂಬಡಿಕೆಯಲ್ಲಿ ಮರಣಕ್ಕೆ 'ತೆಲೆಉತಾವೊ' ಎಂಬ ಇನ್ನೊಂದು ಮಾತೂ ಉಂಟು. 'ತೆಲೊಸ್' ಎಂದರೆ ಕೊನೆ, ಗುರಿ. ಹೆರೋದನು ಸತ್ತುದನ್ನು ಮತ್ತಾಯನು ಈ ಪದದಿಂದ ಹೇಳಿದ್ದಾನೆ. ಕನ್ನಡದ 'ತೀರು' ಇದಕ್ಕೆ ತೀರ ಸಮೀಪದ್ದು: ಕೆಲಸ ತೀರುವುದು, ಸಾಲ ತೀರುವುದು, ಮನುಷ್ಯನು ತೀರಿಕೊಳ್ಳುವುದು. ಶ್ರವಣಬೆಳಗೊಳದ ಪುರಾತನ ನಿಸಿದಿ ಶಾಸನಗಳ 'ಮುಡಿಪು' ಎಂಬುದೂ ಇದೇ ಜಾತಿಯದು. ವ್ರತವನ್ನು ನೋಂತು ಅದನ್ನು ಮುಗಿಸಿದರೆಂಬ ಭಾವ ಅದರಲ್ಲಿದೆ.

ಈ ಭಾವಕ್ಕೆ ನಿದರ್ಶನ ಕಡೂರಿನ ಕೋಟೆಯಲ್ಲಿಯೇ ದೊರಕಿದೆ. ಬಿ. ಎಲ್. ರೈಸರು 1901ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ 6ನೆಯ ಸಂಪುಟವು ಕಡೂರು ಜಿಲ್ಲೆಯ ಶಾಸನಗಳದು. ಅದರಲ್ಲಿ ಕ್ರಿ. ಶ. 971ರ ಶಾಸನವೊಂದು ಗಂಗ ಬೂತುಗನ ಅಕ್ಕ ಪಾಂಬಬ್ಬೆಯದು. ರಾಜಕುಲದ ಆ ಹೆಣ್ಣುಮಗಳು ತಲೆಯ ಕೂದಲನ್ನು ಕೀಳಿಸಿಕೊಂಡು, 30 ವರ್ಷ ತಪಸ್ಸುಮಾಡಿ, ಪಂಚವ್ರತಗಳನ್ನು ಆಚರಿಸಿ ದೇಹವನ್ನು ಬಿಟ್ಟಳು. ಇಲ್ಲಿ ಮರಣವು ಮೇಲೆ ಬಂದೆರಗಿದ ವಿಪತ್ತಲ್ಲ. ಕೈಕೊಂಡ ಕಾರ್ಯದ ಸಮಾಪ್ತಿ.

ಹೀಗೆ ಒಂದು ಕಡೆ ನಿದ್ರೆ, ಇನ್ನೊಂದು ಕಡೆ ಸಮಾಪ್ತಿ. ನಿದ್ರೆಯೆಂದವರು ಏಳುವುದನ್ನು ನಿರೀಕ್ಷಿಸಿದರು; ಸಮಾಪ್ತಿಯೆಂದವರು ಬಾಳಿದ ಬಾಳನ್ನು ಗೌರವಿಸಿದರು. ಆದರೆ ಆ ನಿರೀಕ್ಷೆಗೆ ಆಧಾರ ಪೌಲನ ಇಡೀ ಪತ್ರ. ಆ ಗೌರವಕ್ಕೆ ಆಧಾರ ಪಾಂಬಬ್ಬೆಯ 30 ವರ್ಷ. ಪದವು ಅವುಗಳ ಗುರುತು ಮಾತ್ರ. 'ತೀರಿಕೊಂಡರು' ಎಂದು ದಿನವೂ ಹೇಳುವವರು, ಏನನ್ನು ತೀರಿಸಿ ಹೋದರೆಂದು ಒಮ್ಮೆ ಕೇಳಿಕೊಂಡರೆ, ಆ ಹಳೆಯ ಮಾತಿಗೆ ಅದರ ಅರ್ಥವು ಮರಳಿ ಬರುವುದು.