ಗಾಯ ಕಾಣದ ನೋವು

ಮೈಗೆ ಪೆಟ್ಟು ಬಿದ್ದರೆ ನೋವು ಹುಟ್ಟುವುದು, ಪೆಟ್ಟು ಮಾಗಿದರೆ ನೋವು ಅಡಗುವುದು. ಇದು ಲೋಕವೆಲ್ಲ ಒಪ್ಪಿದ ಲೆಕ್ಕ. ಆದರೆ ಈ ಲೆಕ್ಕಕ್ಕೆ ಸಿಕ್ಕದವರೂ ಉಂಟು. ಅವರ ಮೈಮೇಲೆ ಗಾಯವಿಲ್ಲ, ಎಲುಬು ಮುರಿದಿಲ್ಲ. ಆದರೂ ಬೆನ್ನು, ತಲೆ, ಕೀಲುಗಳ ನೋವು ವರ್ಷಗಟ್ಟಲೆ ಬಿಡದೆ ಕಾಡುವುದು. ಇಂಥವರ ಮಾತನ್ನು ಮನೆಯವರು ಅರೆಮನಸ್ಸಿನಿಂದ ಕೇಳುವರು. ವೈದ್ಯನು ಪರೀಕ್ಷಿಸಿ ಏನೂ ಇಲ್ಲವೆನ್ನುವನು. ಹಣದ ವ್ಯವಹಾರವಾದರೆ ನ್ಯಾಯಾಲಯವು ಸಾಕ್ಷ್ಯ ಕೇಳುವುದು. ಭಯವೂ ಆಘಾತವೂ ಮನಸ್ಸನ್ನು ಕಲಕಿದರೆ ಆ ಕಲಕಾಟವು ದೇಹದಲ್ಲಿ ನೋವಾಗಿ ನೆಲೆಯೂರಬಲ್ಲುದೆ? ಈ ಪ್ರಶ್ನೆಯು ಪಾಶ್ಚಾತ್ಯ ವೈದ್ಯರಲ್ಲಿ ದೊಡ್ಡ ವಾದವಾಗಿ ಬೆಳೆದುದಕ್ಕೆ ಒಂದು ಮುಖ್ಯ ಕಾರಣ ರೈಲುಬಂಡಿ.

1865ನೆಯ ಇಸವಿ ಜೂನ್ 9ರಂದು ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್ ಎಂಬ ಊರಿನ ಬಳಿ ಸಣ್ಣ ಹೊಳೆಯೊಂದರ ಸೇತುವೆಯ ಮೇಲೆ ಕಂಬಿಗಳನ್ನು ಕಿತ್ತು ದುರಸ್ತಿ ನಡೆಸಿದ್ದರು. ಕೆಲಸದ ಮೇಸ್ತ್ರಿಯು ವೇಳಾಪಟ್ಟಿಯನ್ನು ತಪ್ಪಾಗಿ ನೋಡಿದನು. ಬಾವುಟ ಹಿಡಿದವನು ಸಾಕಷ್ಟು ದೂರದಲ್ಲಿ ನಿಂತಿರಲಿಲ್ಲ. ಲಂಡನ್ನಿಗೆ ಧಾವಿಸುತ್ತಿದ್ದ ಬಂಡಿಯು ಹಳಿತಪ್ಪಿ, ಗಾಡಿಗಳು ಹೊಳೆಗೆ ಉರುಳಿದವು. 10 ಮಂದಿ ಸತ್ತರು, 40 ಮಂದಿ ಗಾಯಗೊಂಡರು. ಕೆಳಕ್ಕೆ ಬೀಳದೆ ಓರೆಯಾಗಿ ತೂಗುತ್ತಿದ್ದ ಒಂದು ಗಾಡಿಯಲ್ಲಿ ಪ್ರಸಿದ್ಧ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಇದ್ದನು. ಅವನು ಹೊರಬಂದು, ಟೋಪಿಯಲ್ಲಿ ನೀರು ತುಂಬಿ ತಂದು ಗಾಯಾಳುಗಳ ಬಾಯಿಗೆ ಹನಿಸಿದನು. ಆಮೇಲೆ ಮತ್ತೆ ಗಾಡಿಯೊಳಕ್ಕೆ ಹತ್ತಿ, ಬರೆಯುತ್ತಿದ್ದ ಕಾದಂಬರಿಯ ಹಸ್ತಪ್ರತಿಯನ್ನೂ ಎತ್ತಿಕೊಂಡನು. ಅವನಿಗೆ ಹೇಳಿಕೊಳ್ಳತಕ್ಕ ಗಾಯವೇನೂ ಆಗಿರಲಿಲ್ಲ. ಆದರೆ ಕೆಲವು ದಿನ ಅವನ ಸ್ವರ ಅಡಗಿತು, ಕೈ ನಡುಗಿತು. ಮುಂದೆ ಬಂಡಿಯಲ್ಲಿ ಕುಳಿತಾಗ, ಬರಿಯ ಕುದುರೆಗಾಡಿಯಲ್ಲಿಯೂ ಸಹ, ಕಾರಣವಿಲ್ಲದೆ ಭೀತಿಯು ಅವನನ್ನು ಹಿಡಿಯುತ್ತಿದ್ದಿತು. ಅವನು ತೀರಿಕೊಂಡುದು 1870ರ ಜೂನ್ 9ರಂದು. ಅಪಘಾತವಾಗಿ ಸರಿಯಾಗಿ ಐದು ವರ್ಷಕ್ಕೆ.

ಡಿಕನ್ಸನಿಗೆ ಕೀರ್ತಿಯಿತ್ತು, ಅವನ ಮಾತನ್ನು ಸುಳ್ಳೆನ್ನುವವರಿರಲಿಲ್ಲ. ಸಾಮಾನ್ಯ ಪ್ರಯಾಣಿಕರ ಸ್ಥಿತಿ ಹಾಗಿರಲಿಲ್ಲ. ಅಪಘಾತದ ದಿನ ನಡೆದುಕೊಂಡೇ ಮನೆ ಸೇರಿದವರು ಕೆಲವು ದಿನಗಳಾದ ಮೇಲೆ ಹಾಸಿಗೆ ಹಿಡಿಯುತ್ತಿದ್ದರು. ಬೆನ್ನುನೋವು, ತಲೆನೋವು, ನಿದ್ರಾನಾಶ, ಮರೆವು, ಕೈಕಾಲುಗಳ ಬಲಹೀನತೆ, ಇವೇ ಅವರ ದೂರು. ಅವರು ರೈಲು ಕಂಪೆನಿಗಳ ಮೇಲೆ ನಷ್ಟಪರಿಹಾರದ ದಾವಾ ಹೂಡಿದರು. ಕಂಪೆನಿಯ ವಕೀಲರು, ಗಾಯವೆಲ್ಲಿ, ತೋರಿಸಿರಿ ಎಂದರು. ಹೀಗೆ ನೋವಿನ ನಿಜಸ್ಥಿತಿಯು ಹಣದ ವಿಚಾರದೊಡನೆ ತೊಡಕಿಕೊಂಡಿತು. ಆ ತೊಡಕು ಮುಂದೆ ಬಹುಕಾಲ ಬಿಡಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಶಸ್ತ್ರವೈದ್ಯನಾದ ಜಾನ್ ಎರಿಕ್ ಎರಿಕ್ಸನ್ 1866ರಲ್ಲಿ ಈ ವಿಷಯವಾಗಿ ತನ್ನ ಉಪನ್ಯಾಸಗಳನ್ನು ಪ್ರಕಟಿಸಿದನು. ಈ ವ್ಯಾಧಿಗೆ ಜನರಲ್ಲಿ 'ರೈಲುಬೆನ್ನು' ಎಂಬರ್ಥದ ಹೆಸರು ರೂಢಿಯಾಯಿತು. ಅಯಸ್ಕಾಂತವನ್ನು ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಆಕಾರ ಕೆಡದೆಯೇ ಅದರ ಆಕರ್ಷಣಶಕ್ತಿ ಹೋಗುವಂತೆ, ಬೆನ್ನುಹುರಿಯು ಅದುರಿ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದೆಂದು ಅವನು ಹೋಲಿಕೆ ಕೊಟ್ಟನು. ಎಲುಬು ಮುರಿದವರಿಗಿಂತ ಮುರಿಯದವರಲ್ಲಿಯೇ ಈ ವ್ಯಾಧಿ ಹೆಚ್ಚೆಂಬುದನ್ನೂ ಅವನು ಕಂಡಿದ್ದನು. ಕೆಳಗೆ ಬಿದ್ದ ಗಡಿಯಾರದ ಗಾಜು ಒಡೆದರೆ ಒಳಗಿನ ಯಂತ್ರ ಉಳಿಯುವುದು, ಗಾಜು ಉಳಿದರೆ ಯಂತ್ರ ಕೆಡುವುದು ಎಂಬ ಗಡಿಯಾರದವನ ಅನುಭವವನ್ನು ಅವನು ಇದಕ್ಕೆ ಜೋಡಿಸಿದನು. ಕಂಡ ಸಂಗತಿ ಸೂಕ್ಷ್ಮವಾದುದು. ಆದರೆ ಅವನು ಕಾರಣವನ್ನು ದೇಹದಲ್ಲಿ ಮಾತ್ರ ಹುಡುಕಿದನು.

ಇದಕ್ಕೆ ಪ್ರತಿಪಕ್ಷವಾಗಿ 1883ರಲ್ಲಿ ಹರ್ಬರ್ಟ್ ಪೇಜ್ ಎಂಬ ಶಸ್ತ್ರವೈದ್ಯನು ಒಂದು ಗ್ರಂಥವನ್ನು ಬರೆದನು. ಅವನು ಒಂದು ರೈಲು ಕಂಪೆನಿಯ ವೈದ್ಯನೂ ಆಗಿದ್ದನೆಂಬುದನ್ನು ಮರೆಯತಕ್ಕುದಲ್ಲ. ಬೆನ್ನುಹುರಿ ಕೆಟ್ಟಿತೆಂಬುದಕ್ಕೆ ಸಾಕಾದ ಪ್ರಮಾಣವಿಲ್ಲ. ಇಷ್ಟೆಲ್ಲ ಲಕ್ಷಣಗಳನ್ನು ಹುಟ್ಟಿಸುವುದಕ್ಕೆ ಭಯವೊಂದೇ ಸಾಕು ಎಂದು ಅವನ ವಾದ. ಪರಿಹಾರದ ಆಸೆಯೂ ರೋಗವನ್ನು ಉದ್ದವಾಗಿಸುವುದೆಂದು ಅವನು ಸೇರಿಸಿದನು. ಕಂಪೆನಿಗೆ ಅನುಕೂಲವಾದ ಈ ವಾದದ ಗರ್ಭದಲ್ಲಿಯೇ ಒಂದು ದೊಡ್ಡ ಸತ್ಯವಿದ್ದಿತು: ಬರಿಯ ಭಯವು ದೇಹವನ್ನು ನಿಜವಾಗಿ ಕೆಡಿಸಬಲ್ಲುದು. ಪ್ಯಾರಿಸಿನ ಸಾಲ್ಪೆಟ್ರಿಯರ್ ಆಸ್ಪತ್ರೆಯ ಶಾರ್ಕೋ ಈ ಎಳೆಯನ್ನು ಹಿಡಿದು ಮುಂದುವರಿಸಿದನು. ಬಂಡಿಯೊಂದು ತಾಗಿ ಬಿದ್ದ ಯುವಕನೊಬ್ಬನ ಕಾಲುಗಳ ಮೇಲೆ ಚಕ್ರ ಹರಿದೇ ಇರಲಿಲ್ಲ. ಹರಿಯಿತೆಂದು ಅವನು ನಂಬಿದ್ದನು, ಅವನ ಕಾಲುಗಳು ಸ್ವಾಧೀನ ತಪ್ಪಿದ್ದವು. ಅವನು ನಟಿಸುತ್ತಿಲ್ಲವೆಂದು ಶಾರ್ಕೋ ಸ್ಪಷ್ಟವಾಗಿ ಸಾರಿದನು.

ಜರ್ಮನಿಯಲ್ಲಿ ಈ ವಾದವು ಕಾರ್ಮಿಕರ ಅನ್ನದ ಪ್ರಶ್ನೆಯಾಯಿತು. ಅಲ್ಲಿ 1884ರಲ್ಲಿ ಅಪಘಾತ ವಿಮೆಯ ಕಾನೂನು ಬಂದಿತ್ತು. 1889ರಲ್ಲಿ ಬರ್ಲಿನ್ನಿನ ಹರ್ಮನ್ ಓಪನ್‌ಹೈಮ್ ಆಘಾತಜನ್ಯ ನರರೋಗದ ವಿಷಯವಾಗಿ ಗ್ರಂಥ ಬರೆದನು. ಅದೇ ವರ್ಷ ಸಾಮ್ರಾಜ್ಯದ ವಿಮಾ ಕಚೇರಿಯು ಇಂಥ ರೋಗಕ್ಕೆ ಪರಿಹಾರವುಂಟೆಂದು ಒಪ್ಪಿತು. 1926ರಲ್ಲಿ ಅದೇ ಕಚೇರಿಯು ಆ ತೀರ್ಪನ್ನು ತಿರುಗಿಸಿತು. ಅಷ್ಟರಲ್ಲಿ ರೋಗಿಗಳ ಬೆನ್ನೇನೂ ಬದಲಾಗಿರಲಿಲ್ಲ. ಬದಲಾದುದು ಕೇಳುವವರ ಕಿವಿ.

ನಡುವೆ ಮೊದಲನೆಯ ಮಹಾಯುದ್ಧವು ಬಂದಿತ್ತು. 1915ರ ಫೆಬ್ರವರಿಯಲ್ಲಿ ಚಾರ್ಲ್ಸ್ ಮೈಯರ್ಸ್ 'ಷೆಲ್ ಷಾಕ್' ಎಂಬ ಹೆಸರಿನಿಂದ ಮೂವರು ಸೈನಿಕರ ಸ್ಥಿತಿಯನ್ನು ವರ್ಣಿಸಿದನು. ಫಿರಂಗಿಗುಂಡು ಸಿಡಿದ ಅದುರಿನಿಂದ ನರಗಳು ಕೆಟ್ಟವೆಂದು ಮೊದಲು ಭಾವಿಸಿದರು. ಗುಂಡಿನ ಹತ್ತಿರವೇ ಇಲ್ಲದವರಲ್ಲಿಯೂ ಅದೇ ಲಕ್ಷಣಗಳು ಕಂಡಾಗ ಆ ಭಾವನೆ ಕುಸಿಯಿತು. ರೈಲುಹಾದಿಯ ವಾದವೇ ಮರಳಿ ಬಂದಿತು. ಆದರೆ ಇಲ್ಲಿ ಅಪನಂಬಿಕೆಯ ಬೆಲೆ ಪರಿಹಾರದ ಹಣವಲ್ಲ, ಪ್ರಾಣ. ಓಡಿಹೋದುದು, ಹೇಡಿತನ ಮೊದಲಾದ ಅಪರಾಧಗಳಿಗಾಗಿ ಬ್ರಿಟಿಷ್ ಸೈನ್ಯವು ಗುಂಡಿಕ್ಕಿ ಕೊಂದ 306 ಸೈನಿಕರಿಗೆ 2006ರಲ್ಲಿ ಮರಣೋತ್ತರ ಕ್ಷಮೆ ದೊರೆಯಿತು. ಅವರಲ್ಲಿ ಎಷ್ಟೋ ಮಂದಿ ಆಘಾತದಿಂದ ಚಿತ್ತಸ್ಥೈರ್ಯವನ್ನು ಕಳೆದುಕೊಂಡವರೆಂದು ಇಂದು ತಿಳಿಯಲಾಗಿದೆ.

ಎರಡನೆಯ ಮಹಾಯುದ್ಧವು ಇದೇ ಪ್ರಶ್ನೆಯ ಇನ್ನೊಂದು ಮುಖವನ್ನು ತೋರಿಸಿತು. ಅಮೆರಿಕದ ವೈದ್ಯ ಹೆನ್ರಿ ಬೀಚರ್ ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡ 215 ಸೈನಿಕರನ್ನು ವಿಚಾರಿಸಿ 1946ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಅವರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿ ನೋವಿನ ಮದ್ದು ಬೇಡವೆಂದಿದ್ದರು. ಗಾಯವೆಂದರೆ ಅವರಿಗೆ ಯುದ್ಧದಿಂದ ಬಿಡುಗಡೆ, ಜೀವ ಉಳಿದು ಮನೆ ಸೇರುವ ದಾರಿ. ಅಲ್ಲಿ ಗಾಯವಿಲ್ಲದ ನೋವು, ಇಲ್ಲಿ ನೋವಿಲ್ಲದ ಗಾಯ! ಗಾಯಕ್ಕೂ ನೋವಿಗೂ ನಡುವೆ ಮನಸ್ಸೆಂಬುದೊಂದು ನಿಂತಿರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬುವರು ಇದಕ್ಕೊಂದು ಶಾಸ್ತ್ರೀಯ ರೂಪವನ್ನು ಕೊಟ್ಟರು. ಬೆನ್ನುಹುರಿಯಲ್ಲಿ ಬಾಗಿಲಿನಂತಹ ಒಂದು ವ್ಯವಸ್ಥೆಯುಂಟು. ನೋವಿನ ಸಂದೇಶವು ಅದನ್ನು ದಾಟಿಯೇ ಮೇಲಕ್ಕೆ ಹೋಗಬೇಕು. ಮೆದುಳು ಕೆಳಮುಖವಾಗಿ ಆಜ್ಞೆ ಕಳುಹಿಸಿ ಆ ಬಾಗಿಲನ್ನು ತೆರೆಯಲೂ ಮುಚ್ಚಲೂ ಬಲ್ಲುದು ಎಂಬುದು ಅವರ ಸಿದ್ಧಾಂತ. ಅದರ ವಿವರಗಳನ್ನು ಮುಂದಿನವರು ತಿದ್ದಿದರೂ ತಿರುಳು ನಿಂತಿತು. 1983ರಲ್ಲಿ ಕ್ಲಿಫರ್ಡ್ ವೂಲ್ಫ್, ಗಾಯದ ತರುವಾಯ ಬೆನ್ನುಹುರಿಯೇ ಅತಿಸೂಕ್ಷ್ಮವಾಗಿ, ಅಲ್ಪ ಸಂದೇಶವನ್ನೂ ಹಿಗ್ಗಿಸಬಲ್ಲುದೆಂದು ಪ್ರಾಣಿಗಳಲ್ಲಿ ತೋರಿಸಿದನು. ಘೋರವಾದುದನ್ನು ಕಂಡವನ ಶರೀರವು ಸದಾ ಎಚ್ಚರದ ಕಾವಲುಗಾರನಂತಿರುವುದು; ಸ್ನಾಯುಗಳು ಬಿಗಿದಿರುವುವು, ನಿದ್ರೆ ಒಡೆಯುವುದು, ನಿದ್ರೆ ಕೆಟ್ಟರೆ ನೋವು ಏರುವುದು. ಮತ್ತೆ ಆ ನೋವೇ ಕಳೆದ ದುರ್ದಿನವನ್ನು ನೆನಪಿಗೆ ತರುವುದು. ಹೀಗೆ ಆಘಾತವೂ ನೋವೂ ಒಂದನ್ನೊಂದು ಪೋಷಿಸುತ್ತ ಚಕ್ರದಂತೆ ತಿರುಗುವುವು. ಹಾಗೆಂದು ಎಲ್ಲ ದೀರ್ಘವೇದನೆಗೂ ಮನೋವ್ಯಥೆಯೇ ಮೂಲವಲ್ಲ. ಆಘಾತಕ್ಕೆ ಸಿಕ್ಕವರೆಲ್ಲರೂ ನೋವಿಗೆ ಸಿಕ್ಕುವವರೂ ಅಲ್ಲ.

ವೇದನೆಯ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ನೋವಿನ ಲಕ್ಷಣವನ್ನು ನಿರೂಪಿಸುವಾಗ, ಅದು ಇಂದ್ರಿಯದ ಅನುಭವ ಮಾತ್ರವಲ್ಲ, ಭಾವದ ಅನುಭವವೂ ಹೌದೆಂದು ಹೇಳಿತು. 2020ರಲ್ಲಿ ಅದನ್ನು ಪರಿಷ್ಕರಿಸಿ, ತನಗೆ ನೋವಿದೆಯೆಂದು ಹೇಳುವವನ ಮಾತನ್ನು ಗೌರವಿಸತಕ್ಕದ್ದೆಂದು ಟಿಪ್ಪಣಿಯಲ್ಲಿ ಸೇರಿಸಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, ಮೂರು ತಿಂಗಳಿಗೂ ಮೀರಿ ನಿಂತ ನೋವು, ಬೇರೆ ರೋಗದಿಂದ ವಿವರಿಸಲಾಗದಿದ್ದರೂ, ತಾನೇ ಒಂದು ವ್ಯಾಧಿಯಾಗಿ ಸ್ಥಾನ ಪಡೆದಿದೆ.

ರೈಲುಬೆನ್ನಿನ ರೋಗಿಗಳು ಎತ್ತಿದ ದೂರಿಗೆ ಉತ್ತರ ಬರಲು ಸುಮಾರು ಒಂದೂವರೆ ಶತಮಾನ ಹಿಡಿಯಿತು. ಎರಿಕ್ಸನ್ ನೋವನ್ನು ನಂಬಿ ಮನಸ್ಸನ್ನು ಬಿಟ್ಟನು. ಪೇಜ್ ಮನಸ್ಸನ್ನು ಕಂಡು ನೋವಿನವನನ್ನು ಸಂದೇಹಿಸಿದನು. ಮನಸ್ಸಿನಿಂದ ಬಂದುದು ಸುಳ್ಳು, ಮೈಯಿಂದ ಬಂದುದು ನಿಜ ಎಂಬ ಭೇದವೇ ಇಬ್ಬರನ್ನೂ ದಾರಿ ತಪ್ಪಿಸಿತು. ಆ ಭೇದವು ಗ್ರಂಥಗಳಿಂದ ತೊಲಗುತ್ತಿದೆ. ಮನೆಮನೆಗಳಿಂದ ಇನ್ನೂ ತೊಲಗಬೇಕಾಗಿದೆ. ಗಾಯ ಕಾಣದೆಂಬ ಮಾತ್ರಕ್ಕೆ ನರಳುವವನನ್ನು ನಟನೆಂದು ತಿಳಿಯುವುದು ಅವನ ನೋವಿಗೆ ಇನ್ನೊಂದು ನೋವನ್ನು ಕೂಡಿಸಿದಂತೆ.