ಎ.ಆರ್.-3ಎ ಧ್ವನಿವರ್ಧಕದ ನಾದಕ್ಷೀಣತೆ: ಒಂದು ಕಾರಣವಿಚಾರ

ಪೂರ್ವಕಾಲದ ಉತ್ತಮ ಧ್ವನಿವರ್ಧಕಗಳಲ್ಲಿ ಅಗ್ರಗಣ್ಯವೆಂದು ಹೆಸರಾದ ಎ.ಆರ್.-3ಎ ಜೋಡಿಯೊಂದನ್ನು ಬಹುಕಾಲ ಅರಸಿ, ಬೆಲೆ ತೆತ್ತು ತಂದು, ಆದರದಿಂದ ಒರೆಸಿ ನಿಲ್ಲಿಸಿದ ರಸಿಕನಿಗೆ, ಪಿಟೀಲಿನ ನಾದವು ಕಂಬಳಿಯ ಮರೆಯಿಂದ ಬಂದಂತೆ ಕೇಳಿಸಿದಾಗ, ಅದರ ಕೀರ್ತಿಯೇ ಉತ್ಪ್ರೇಕ್ಷೆಯೆಂದೋ, ಆ ಕಾಲದವರ ಕಿವಿಯೇ ಅಷ್ಟೆಂದೋ ಆತನು ನಿರ್ಣಯಿಸುವುದುಂಟು. ಎರಡೂ ಅವಸರದ ನಿರ್ಣಯಗಳು. ತಾಳೆಗರಿಯ ಗ್ರಂಥವನ್ನು ಸಂಪಾದಿಸುವವನು ಲಿಪಿಕಾರನ ತಪ್ಪುಗಳನ್ನು ಕಳೆದು ಶುದ್ಧಪಾಠವನ್ನು ನಿಶ್ಚಯಿಸಿದ ತರುವಾಯವೇ ಕವಿಯ ಗುಣದೋಷಗಳನ್ನು ಎಣಿಸತಕ್ಕವನು. ಯಂತ್ರದ ವಿಷಯದಲ್ಲಿಯೂ ಆ ಸಂಯಮವು ಅವಶ್ಯವೆಂಬುದೇ ಈ ಲೇಖನದ ಪ್ರತಿಪಾದನೆ.

ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಇವರು 1954ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ನಗರದಲ್ಲಿ ಅಕೂಸ್ಟಿಕ್ ರಿಸರ್ಚ್ ಸಂಸ್ಥೆಯನ್ನು ಸ್ಥಾಪಿಸಿದರು. ವೂಫರಿನ ಕೋನನ್ನು ಸ್ವಸ್ಥಾನಕ್ಕೆ ಮರಳಿಸುವ ಭಾರವನ್ನು ಅದರ ಅಂಚಿನ ಬಿಗುವಿಗೆ ಒಪ್ಪಿಸದೆ, ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಗೆ ಒಪ್ಪಿಸಿದುದು ವಿಲ್ಚರರ ಮುಖ್ಯ ಉಪಜ್ಞೆ. 1967ರಲ್ಲಿ ಬಂದ 3ಎ ಮಾದರಿಯಲ್ಲಿ ಮಂದ್ರಕ್ಕೆ 12 ಅಂಗುಲದ ವೂಫರೂ, ಮಧ್ಯಕ್ಕೆ ಒಂದೂವರೆ ಅಂಗುಲದ ಗುಮ್ಮಟವೂ, ತಾರಕ್ಕೆ ಮುಕ್ಕಾಲು ಅಂಗುಲದ ಗುಮ್ಮಟವೂ ಇದ್ದು, 575 ಮತ್ತು 5,000 ಹರ್ಟ್ಸ್‌ಗಳಲ್ಲಿ ಸ್ವರವಿಭಾಗವಾಗುತ್ತದೆ. ಫೈನ್ ಆರ್ಟ್ಸ್ ಕ್ವಾರ್ಟೆಟ್‌ನ ವಾದಕರನ್ನು ವೇದಿಕೆಯ ಮೇಲೆ ಕುಳ್ಳಿರಿಸಿ, ಅವರ ವಾದನವನ್ನೂ ಧ್ವನಿವರ್ಧಕದ ಧ್ವನಿಯನ್ನೂ ಸರದಿಯಂತೆ ಕೇಳಿಸಿ, ಎರಡನ್ನೂ ಹೋಲಿಸಿರೆಂದು ಸಭಿಕರನ್ನು ಆಹ್ವಾನಿಸಿದ ಸಂಸ್ಥೆಯು ಕಂಬಳಿ ಹೊದೆದ ನಾದವನ್ನು ಬಯಸಿತ್ತೆಂದು ನಂಬುವುದು ಕಠಿಣ.

ಹಾಗಾದರೆ ತಾರಸ್ಥಾಯಿಯು ಎಲ್ಲಿ ಹೋಯಿತು? ಪೆಟ್ಟಿಗೆಯ ಬೆನ್ನಿನಲ್ಲಿ ಎರಡು ಗುಂಡಿಗಳಿವೆ. ಒಂದು ಮಧ್ಯದ ಪ್ರಮಾಣವನ್ನೂ ಇನ್ನೊಂದು ತಾರದ ಪ್ರಮಾಣವನ್ನೂ ಹೆಚ್ಚಿಸಿ ತಗ್ಗಿಸುತ್ತವೆ. ತೆಳುವಾದ ತಂತಿಯ ಸುರುಳಿಯ ಮೇಲೆ ಲೋಹದ ನಾಲಗೆಯೊಂದು ಸರಿಯುವಂತೆ ಮಾಡಿದ ಈ ನಿಯಂತ್ರಕವೇ ಇಡೀ ರಚನೆಯಲ್ಲಿ ಅತ್ಯಂತ ಸಾಮಾನ್ಯವಾದ ವಸ್ತು. ಎಲ್ಲಕ್ಕಿಂತ ಮೊದಲು ಕೆಡುವುದೂ ಅದೇ. ನಾನು ಬಿಚ್ಚಿ ನೋಡಿದ ಜೋಡಿಯಲ್ಲಿ, ವೂಫರನ್ನು ಸಡಿಲಿಸಿ ಗಾಜಿನ ಉಣ್ಣೆಯನ್ನು ಎತ್ತಿ ಬದಿಗಿಟ್ಟು ದೀಪ ಹಿಡಿದಾಗ, ನಾಲಗೆಯು ತಂತಿಯನ್ನು ಮುಟ್ಟುವೆಡೆಯಲ್ಲಿ ಹಳೆಯ ತಾಮ್ರದ ಚೊಂಬಿಗೆ ಹತ್ತುವಂತಹ ಹಸುರು ಕಿಲುಬು ಹೊಪ್ಪಳಿಕೆಯಾಗಿ ಹತ್ತಿತ್ತು. ಬಿಚ್ಚುವ ಮುನ್ನ ಕಾಗದವನ್ನು ಸುರುಳಿ ಮಾಡಿ ಒಂದು ತುದಿಯನ್ನು ಟ್ವೀಟರಿಗೂ ಇನ್ನೊಂದನ್ನು ಕಿವಿಗೂ ಹಿಡಿದು, ಗುಂಡಿಯನ್ನು ಮೆಲ್ಲನೆ ತಿರುಗಿಸಿದ್ದೆನು: ಕರಕರ ಸದ್ದಿನ ನಡುವೆ ಒಂದೆಡೆ ತಾಳದ ಝೇಂಕಾರವು ಥಟ್ಟನೆ ಕೇಳಿಬಂದು, ಕೂದಲೆಳೆಯಷ್ಟು ಮುಂದೆ ಸರಿದೊಡನೆ ಪುನಃ ಅಡಗಿತು.

ಪೂರ್ಣ ಮೌನವನ್ನು ಯಾರಾದರೂ ಗುರುತಿಸಿಯಾರು. ಅರೆಗುಂದಿದ ಧ್ವನಿಯೇ ಮೋಸಕರವಾದುದು. ಟ್ವೀಟರಿನ ಪ್ರತಿರೋಧವನ್ನು 4 ಓಮ್ ಎಂದೆಣಿಸಿ, ಕಿಲುಬಿನಿಂದ ಇನ್ನು 2 ಓಮ್ ಅದರ ಸಾಲಿಗೆ ಸೇರಿತೆಂದು ಭಾವಿಸಿದರೆ, ಟ್ವೀಟರಿಗೆ ದೊರೆಯುವ ವೋಲ್ಟೇಜು ಮೂರರಲ್ಲಿ ಎರಡು ಪಾಲಿಗೆ ಇಳಿಯುವುದು. ಅಂದರೆ ಸುಮಾರು 3.5 ಡೆಸಿಬೆಲ್ ನಷ್ಟ. ಇದನ್ನು ಕೇಳುವವನು ದೋಷವೆಂದು ತಿಳಿಯುವುದಿಲ್ಲ, ಸ್ವಭಾವವೆಂದು ತಿಳಿಯುತ್ತಾನೆ. ಹಳೆಯ ಕೆಪಾಸಿಟರುಗಳ ಒಳಪ್ರತಿರೋಧವು ಏರಿದಾಗಲೂ ಫಲವು ಇದೇ. ಈ ಮಾದರಿಯಲ್ಲಿ 150, 50 ಮತ್ತು 6 ಮೈಕ್ರೊಫ್ಯಾರಡ್‌ಗಳ ಮೂರು ಕೆಪಾಸಿಟರುಗಳಿವೆ. ಅವನ್ನು ಅಳೆಯದೆಯೇ ಕಿತ್ತು ಹೊಸವನ್ನು ಬೆಸೆಯುವ ರೂಢಿಯನ್ನು ನಾನು ಒಪ್ಪಲಾರೆ. ಹಳೆಯದರ ಅಳತೆಯೇ ಇಲ್ಲದ ಮೇಲೆ ಹೊಸದು ಏನನ್ನು ಸರಿಪಡಿಸಿತೆಂದು ಹೇಳುವುದು ಹೇಗೆ?

ಮಂದ್ರವು ಸೊರಗಿದ್ದರೆ ಗಾಳಿಯನ್ನು ಶಂಕಿಸಬೇಕು. ಎರಡು ಕೈಗಳ ಬೆರಳುಗಳಿಂದ ಕೋನನ್ನು ಸಮನಾಗಿ ಒಳಕ್ಕೊತ್ತಿ ಬಿಟ್ಟಾಗ ಅದು ಸಾವಕಾಶವಾಗಿ ಮೇಲೇಳಬೇಕು. ಥಟ್ಟನೆ ನೆಗೆದರೆ ಎಲ್ಲಿಯೋ ಸೋರಿಕೆಯಿದೆ. ಮೊದಲ ವರ್ಷಗಳ ಬಟ್ಟೆಯಂಚಿನ ವೂಫರುಗಳಲ್ಲಿ ಲೇಪವು ಒಣಗಿ ನೇಯ್ಗೆಯ ಮೂಲಕವೇ ಗಾಳಿ ನುಸುಳುವುದುಂಟು. ಅನಂತರದ ಫೋಮ್ ಅಂಚು ತೇವದಿಂದ ಜೀರ್ಣಿಸಿ, ಮುಟ್ಟಿದ ಬೆರಳಿಗೆ ಜಿಗುಟು ಪುಡಿಯಾಗಿ ಮೆತ್ತಿಕೊಳ್ಳುತ್ತದೆ. ಅದನ್ನು ಬದಲಿಸದೆ ವಿಧಿಯಿಲ್ಲ. ಇನ್ನು, ಪುಸ್ತಕಗಳ ನಡುವೆ ಗೋಡೆಗೊರಗಿ ಇರಲೆಂದು ರೂಪಿಸಿದ ಪೆಟ್ಟಿಗೆಯನ್ನು ಇಂದಿನ ಪದ್ಧತಿಯಂತೆ ಎತ್ತರದ ಕಾಲುಮಣೆಯ ಮೇಲೆ ಕೋಣೆಯ ನಡುವಿಗೆ ತಂದರೆ, ಗೋಡೆಯ ಆಸರೆ ತಪ್ಪಿ ಮಂದ್ರವು ತೆಳುವಾಗುವುದು ಸಹಜ.

ಇಷ್ಟೆಲ್ಲವನ್ನು ಸರಿಪಡಿಸಿದ ಮೇಲೂ 3ಎಯ ತಾರವು ಇಂದಿನ ಧ್ವನಿವರ್ಧಕಗಳಷ್ಟು ಮುಂದಾಗಿ ನಿಲ್ಲದು. ಅದೇ ಸಂಸ್ಥೆಯ ರಾಯ್ ಆಲಿಸನ್ ಮತ್ತು ರಾಬರ್ಟ್ ಬರ್ಕೊವಿಟ್ಜ್ ಇವರು ವಾಸದ ಕೋಣೆಗಳಲ್ಲಿಯೇ ಇದನ್ನು ಅಳೆದು 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಶ್ರೋತೃವಿನ ಆಸನವನ್ನು ತಲಪುವ ಶಬ್ದವು ಮೇಲಿನ ಸ್ಥಾಯಿಗಳಿಗೆ ಹೋದಂತೆ ಇಳಿಜಾರಾಗುತ್ತದೆಂದು ತೋರಿಸಿದ್ದಾರೆ. ಆ ಇಳಿಜಾರನ್ನು ಯಂತ್ರದ ಸ್ವಂತ ಪಾಠವೆಂದು ಉಳಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ನಾಲಗೆಯನ್ನೂ ತಂತಿಯನ್ನೂ ನಯವಾದ ಉಜ್ಜುಕಾಗದದಿಂದ ತಿಕ್ಕಿ, ಕಿಲುಬನ್ನು ಒರೆಸಿ, ಬೇರೆ ಯಾವ ಭಾಗವನ್ನೂ ಬದಲಿಸದೆ ಮುಚ್ಚಿದ ಆ ಜೋಡಿಯಲ್ಲಿ, ಮೊದಲು ಕೇಳಿದ್ದ ಅದೇ ತಟ್ಟೆಯನ್ನು ಮತ್ತೆ ಹಾಕಿದಾಗ, ಕಮಾನು ತಂತಿಯನ್ನು ಕಚ್ಚಿ ಹಿಡಿಯುವ ರಾಳದ ಒರಟು ಸ್ಪಷ್ಟವಾಗಿ ಕೇಳಿಸಿತು.